ತಾಲೀಮಿಗೂ ಟಿಕೆಟ್ಟಾ?

ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಬೇಕಂದ್ರೆ ತಿಂಗಳುಗಟ್ಟಲೆ ತಾಲೀಮು ನಡೆಯುತ್ತೆ. ಹಾರ್ಮೋನಿಯಂ ಮೇಷ್ಟ್ರು ಬರ್ತಾರೆ. ಶಾಲೆ ಜಗಲಿಯಲ್ಲಿ ಭೀಮ ಲುಂಗಿ ಉಟ್ಟುಕೊಂಡೇ ಗದೆ ತಿರುಗಿಸ್ತಾನೆ. ದುರ್ಯೋಧನ ಮಾತು ಮರೆತರೆ ಯಾರೂ ಶಿಳ್ಳೆ ಹಾಕಲ್ಲ. ಸೀನರಿ, ಡ್ರೆಸ್ಸಿನ ಬಾಡಿಗೆ ನಾಟಕದ ರಾತ್ರಿಗೆ ಮಾತ್ರ. ತಪ್ಪೋದೆಲ್ಲ ಇಲ್ಲೇ ತಪ್ಪಲಿ ಅಂತ ತಾನೇ ತಾಲೀಮು ಇರೋದು.

ವೆಬ್‌ಸೈಟಿಗೂ ಇಂಥದ್ದೊಂದು ತಾಲೀಮಿನ ಜಗಲಿ ಇದೆ. ಸ್ಟೇಜಿಂಗ್ ಸೈಟ್ ಅಂತಾರೆ. ಅಸಲಿ ಸೈಟಿನ ಪೂರ್ತಿ ನಕಲು ಮಾಡಿ, ಬೇರೆ ವಿಳಾಸದಲ್ಲಿಟ್ಟು, ಹೊಸ ಬದಲಾವಣೆಗಳನ್ನೆಲ್ಲ ಮೊದಲು ಅಲ್ಲಿ ನೋಡೋದು. ಸರಿ ಹೋದರೆ ಅಸಲಿಗೆ. ಆದರೆ ಈ ಜಗಲಿಗೂ ಬಾಡಿಗೆ ಕೇಳುವವರಿದ್ದಾರೆ ಅನ್ನೋದು ಹಳೇಬೀಡಿನಲ್ಲಿ ನನಗೆ ಎದುರಾಯ್ತು.

ಅಲ್ಲಿ ನಮ್ಮ ಮಾವನದ್ದು ನಾಲ್ಕು ಕೋಣೆಯ ಹೋಂಸ್ಟೇ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದ ಮೇಲೆ, ಬರೀ ಫೋನ್ ಬುಕಿಂಗ್ ಸಾಲದು ಅಂತ ಮಾವ ವರ್ಡ್‌ಪ್ರೆಸ್‌ನಲ್ಲಿ ಒಂದು ಸೈಟ್ ಮಾಡಿಸಿದರು. ಬುಕಿಂಗಿಗೆ ದುಡ್ಡು ಕೊಟ್ಟು ಕೊಂಡ ಪ್ಲಗಿನ್, ವರ್ಷಕ್ಕೆ ಒಂದು ಸೈಟಿನ ಲೈಸೆನ್ಸ್. ನವೆಂಬರ್‌ನಲ್ಲಿ ಅದರ ಹೊಸ ಆವೃತ್ತಿ ಬಂತು. ಡಿಸೆಂಬರ್ ಸೀಸನ್ ಹತ್ತಿರ ಬಂದಿತ್ತು. ಸ್ಟೇಜಿಂಗ್ ಸೈಟ್ ಮಾಡಿ ಕೀ ಹಾಕಿದೆ. ‘ನಿಮ್ಮ ಲೈಸೆನ್ಸ್ ಮಿತಿ ಮುಗಿದಿದೆ’ ಅಂದಿತು.

ಮಾವನಿಗೆ ಹೇಳಿದೆ: ‘ಇದನ್ನೂ ಎರಡನೇ ಸೈಟ್ ಅಂತ ಲೆಕ್ಕ ಹಾಕ್ತಾರೆ ಮಾವ. ಇನ್ನೊಂದು ಲೈಸೆನ್ಸ್ ತಗೋಬೇಕಂತೆ.’

‘ಅಲ್ಲ ಕಣ್ಲಾ, ಅನ್ನ ಬೆಂದೈತಾ ಅಂತ ಒಂದು ಅಗುಳು ಹಿಸುಕಿ ನೋಡಕ್ಕೂ ದುಡ್ಡು ಕೊಡ್ಬೇಕಾ?’

ಮಾವನ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ. ವರ್ಡ್‌ಪ್ರೆಸ್ ಇರೋದು ಜಿಪಿಎಲ್ ಅನ್ನೋ ಪರವಾನಗಿಯಲ್ಲಿ. ಅದರ ಪ್ರಕಾರ ತಂತ್ರಾಂಶವನ್ನು ಎಷ್ಟು ಕಡೆ ಬೇಕಾದರೂ ಓಡಿಸಬಹುದು. ದುಡ್ಡಿನ ಪ್ಲಗಿನ್‌ಗಳೂ ಅನೇಕ ಇದೇ ಪರವಾನಗಿಯಲ್ಲಿ ಬರುತ್ತವೆ. ಹಾಗಾದರೆ ಮಾರೋದು ಏನನ್ನ? ಕೀಯನ್ನ. ಕೀ ಇದ್ದರೆ ಅಪ್‌ಡೇಟ್ ಮತ್ತು ಸಪೋರ್ಟ್. ಕೀ ಎಣಿಸೋದು ವಿಳಾಸವನ್ನ. ವಿಳಾಸ ಬೇರೆ ಆದರೆ ಅದರ ಪಾಲಿಗೆ ಸೈಟೂ ಬೇರೆ. ಒಂದು ಅಂಗಡಿ, ಇನ್ನೊಂದು ಅಭ್ಯಾಸದ ಜಾಗ ಅನ್ನೋ ವ್ಯತ್ಯಾಸ ಅದಕ್ಕೆ ತಿಳಿಯಲ್ಲ.

ಮಾರುವವರ ಕಷ್ಟವೂ ಸುಳ್ಳಲ್ಲ. ಒಂದೇ ಲೈಸೆನ್ಸ್ ಕೊಂಡು, ಹತ್ತು ಗಿರಾಕಿಗಳ ಸೈಟಿಗೆ ‘ಸ್ಟೇಜಿಂಗ್’ ಅಂತ ಹೆಸರಿಟ್ಟು ನಡೆಸೋ ಚಾಲಾಕಿಗಳು ಇರ್ತಾರೆ. ಅದಕ್ಕೇ ಕೆಲವರು ‘ಲೋಕಲ್‌ಹೋಸ್ಟ್’, ‘ಡಾಟ್ ಟೆಸ್ಟ್’ ವಿಳಾಸಗಳನ್ನು ಮಾತ್ರ ಲೆಕ್ಕದಿಂದ ಬಿಡ್ತಾರೆ. ಈ ಎರಡು ಹೆಸರುಗಳನ್ನು 1999ರಲ್ಲೇ ಇಂಥ ಕೆಲಸಕ್ಕೆ ಅಂತ ಮೀಸಲಿಟ್ಟಿದ್ದಾರೆ. ಯಾರಿಗೂ ಮಾರೋ ಹಾಗಿಲ್ಲ. ಆದರೆ ನಮಗೆ ಅದೂ ಸಾಲಲಿಲ್ಲ. ಗಿರಾಕಿ ಅಡ್ವಾನ್ಸ್ ಕಟ್ಟಿದ ಮೇಲೆ ಪೇಮೆಂಟ್ ಗೇಟ್‌ವೇ ನಮ್ಮ ಸೈಟಿಗೆ ‘ದುಡ್ಡು ಬಂತು’ ಅಂತ ಸುದ್ದಿ ಕಳಿಸುತ್ತೆ. ನನ್ನ ಲ್ಯಾಪ್‌ಟಾಪಿನೊಳಗೆ ಮಾತ್ರ ಇರೋ ವಿಳಾಸಕ್ಕೆ ಆ ಸುದ್ದಿ ನೇರವಾಗಿ ತಲುಪಲ್ಲ. ತಮಾಷೆ ಅಂದ್ರೆ, ದುಡ್ಡು ಮುಟ್ಟೋ ಗೇಟ್‌ವೇನವರೇ ಪರೀಕ್ಷೆಗೆ ಟೆಸ್ಟ್ ಮೋಡ್ ಪುಕ್ಕಟೆ ಕೊಟ್ಟಿದ್ದರು. ಕ್ಯಾಲೆಂಡರ್ ತೋರಿಸೋ ಪ್ಲಗಿನ್‌ನವರು ಕೊಡಲಿಲ್ಲ.

ಕೊನೆಗೆ ಒಂದು ರಾತ್ರಿ ಅಸಲಿ ಸೈಟಿನಿಂದ ಕೀ ಬಿಡಿಸಿದೆ. ಕೀ ಇಲ್ಲದಿದ್ದರೂ ಬುಕಿಂಗ್ ನಡೆಯುತ್ತೆ, ಅಪ್‌ಡೇಟ್ ಮಾತ್ರ ಬರಲ್ಲ ಅಂತ ಮೊದಲೇ ಖಾತ್ರಿ ಮಾಡಿಕೊಂಡಿದ್ದೆ. ನಕಲು ಸೈಟಿನಲ್ಲಿ ಅತಿಥಿಗಳ ಫೋನ್ ನಂಬರ್ ಅಳಿಸಿ, ಮೇಲ್ ಹೋಗದ ಹಾಗೆ ಮಾಡಿ, ಕೀ ಅಲ್ಲಿಗೆ ಹಾಕಿದೆ. ಎರಡು ರಾತ್ರಿಗೆ ಕೋಣೆ ಕಾದಿರಿಸಿ ನೋಡಿದರೆ, ಶುಕ್ರವಾರ ಭರ್ತಿ ಅಂತ ತೋರಿಸ್ತಿತ್ತು, ಶನಿವಾರ ಖಾಲಿ ಅಂತಿತ್ತು! ಅಂದರೆ ಒಂದೇ ಕೋಣೆ ಎರಡು ಕುಟುಂಬಕ್ಕೆ. ಮಕ್ಕಳು ಮರಿ ಕಟ್ಟಿಕೊಂಡು ರಾತ್ರಿ ಒಂಬತ್ತಕ್ಕೆ ಬಂದವರನ್ನು ಸುಮಾರು 16 ಕಿಲೋಮೀಟರ್ ದೂರದ ಬೇಲೂರಿಗೆ ಕಳಿಸೋದಾ? ಹಳೇ ಆವೃತ್ತಿಯನ್ನೇ ಉಳಿಸಿಕೊಂಡು, ಅವರು ಸರಿಪಡಿಸಿದ ಮೇಲೆ ಇನ್ನೊಮ್ಮೆ ಕೀ ಆಚೀಚೆ ಮಾಡಿ ಪರೀಕ್ಷಿಸಿ, ಆಮೇಲೆ ಹಾಕಿದೆವು.

ನನ್ನ ತಕರಾರು ಇಷ್ಟೇ. ದೊಡ್ಡ ಕಂಪನಿಗಳಿಗೆ ಇನ್ನೊಂದು ಲೈಸೆನ್ಸ್ ಲೆಕ್ಕಕ್ಕೇ ಬರಲ್ಲ. ನಾಲ್ಕು ಕೋಣೆಯವರು, ಒಂದು ಅಂಗಡಿಯವರು ‘ಯಾಕೆ ದಂಡ’ ಅಂತ ನೇರ ಅಸಲಿ ಸೈಟಿನ ಮೇಲೇ ಕೈ ಹಾಕ್ತಾರೆ. ಮಿತಿ ಕಳ್ಳನಿಗೆ ಇಟ್ಟಿದ್ದು. ಆದರೆ ತಡೆಯೋದು ಜೋಪಾನವಾಗಿ ಕೆಲಸ ಮಾಡುವವನನ್ನ. ಒಂದು ಅಸಲಿ ಸೈಟಿನ ಜೊತೆ ಒಂದು ಪರೀಕ್ಷಾ ಸೈಟ್ ಸೇರಿಸಿಯೇ ಮಾರಿದರೆ ಅವರಿಗೂ ನಷ್ಟವಿಲ್ಲ.

ಹಾಗಾಗಿ ಪ್ಲಗಿನ್ ಕೊಳ್ಳುವ ಮೊದಲು ಮೂರು ಮಾತು ಕೇಳಿ. ಸ್ಟೇಜಿಂಗ್ ಸೈಟನ್ನು ಲೆಕ್ಕಕ್ಕೆ ಹಿಡೀತೀರಾ? ಕೀ ಎಷ್ಟು ಸಲ ಬದಲಾಯಿಸಬಹುದು? ಕೀ ತೆಗೆದರೆ ಸೈಟಿನಲ್ಲಿ ಏನೇನು ನಿಲ್ಲುತ್ತೆ? ಉತ್ತರ ಮೇಲ್‌ನಲ್ಲೇ ತಗೊಳ್ಳಿ. ಬೆಲೆ ಕೇಳೋದು ಆಮೇಲೆ.