ಮುಗಿಲುಪೇಟೆ ಹತ್ತುವ ಹೀರೋ ಯಾರು?

ಯೋಗರಾಜ ಭಟ್ಟರ 'ಗಾಳಿಪಟ' (2008) ನೋಡಿದವರಿಗೆ ಮುಗಿಲುಪೇಟೆ ನೆನಪಿರಬೇಕಲ್ಲ? ಮಂಜು ಹೊದ್ದ ಆ ಹಸಿರು ಗುಡ್ಡದ ನಿಜವಾದ ಹೆಸರು ಮಾಂದಲಪಟ್ಟಿ, ಕೊಡಗಿನದು. ಟಾಕೀಸಿನಲ್ಲಿ ಕೂತರೆ ಒಂದೇ ಕ್ಷಣದಲ್ಲಿ ಮುಗಿಲು ಮುಟ್ಟಬಹುದು. ಮಡಿಕೇರಿಯಿಂದ ಹೊರಟು ಮುಟ್ಟಬೇಕಾದರೆ ಸೊಂಟ ಗಟ್ಟಿಯಿರಬೇಕು ಸ್ವಾಮೀ!

ಮಳೆಗಾಲ ಮುಗಿಯುವ ಹೊತ್ತಿಗೆ ನಾವು ನಾಲ್ವರು ಹೋದೆವು. ಬಸ್ಸಿನುದ್ದಕ್ಕೂ ಒಂದೇ ಜಗಳ. ಗೆಳೆಯನೊಬ್ಬ ಸಾಲ ಮಾಡಿ ಗಾಡಿ ಕೊಳ್ಳುವವನಿದ್ದ. ಥಾರ್ ತಗೊಳ್ಲಾ, ಜಿಮ್ನಿ ತಗೊಳ್ಲಾ, ಇಲ್ಲಾ ಹಳೇ ಜಿಪ್ಸಿನೇ ಹುಡುಕ್ಲಾ? ಅವನಿಗಿದು ಶೋಕಿಯಲ್ಲ. ಮೂಡಿಗೆರೆ ಕಡೆ ಅವರ ಕಾಫಿ ತೋಟದ ಮನೆ; ಮಳೆ ಹಿಡಿದರೆ ದಾರಿಯೇ ಇಲ್ಲ. ಹೋದ ವರ್ಷ ಅಪ್ಪನಿಗೆ ಎದೆನೋವು ಬಂದಾಗ ಕುರ್ಚಿಯಲ್ಲಿ ಕೂರಿಸಿ ಡಾಂಬರು ರಸ್ತೆವರೆಗೆ ಹೊತ್ತು ತಂದಿದ್ದರು.

ಕಲ್ಲುದಾರಿ ಶುರುವಾಗುವಲ್ಲಿ ಬಾಡಿಗೆ ಜೀಪು ಹತ್ತಿದೆವು. ಜೀಪಿಗೂ ಡ್ರೈವರಣ್ಣನಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸು! ಅರ್ಧ ದಾರಿಯಲ್ಲೊಂದು ಕೊರಕಲು. ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಎರಡೂ ಗಾಳಿಯಲ್ಲಿ. ಫೋರ್‌ವೀಲ್ ಹಾಕಿದ್ದರೂ ಅವೆರಡೇ ಗಿರಗಿರ ಸುತ್ತುತ್ತವೆ, ನೆಲದ ಮೇಲಿನವು ಮಿಸುಕುವುದಿಲ್ಲ. ಸಾದಾ ಡಿಫರೆನ್ಷಿಯಲ್ಲಿನ ಗುಣವೇ ಅದು: ಯಾವ ಚಕ್ರಕ್ಕೆ ತಡೆಯಿಲ್ಲವೋ ಅದನ್ನೇ ಸುತ್ತಿಸುತ್ತದೆ. "ಎಲ್ರೂ ಹಿಂದೆ, ಬಲಮೂಲೆಗೆ ಬನ್ನಿ ಮಾರಾಯ್ರೇ" ಅಂದ ಅಣ್ಣ. ಒತ್ತರಿಸಿ ಕೂತೆವು. ಚಕ್ರ ನೆಲ ಕಚ್ಚಿತು, ಜೀಪು ಗುರ್ ಎಂದು ಮೇಲೆದ್ದಿತು.

ಮೇಲೆ ಮಂಜಿನಲ್ಲಿ ಮತ್ತೆ ಅದೇ ಲೆಕ್ಕ. 1985ರಲ್ಲಿ ಬಂದ ಜಿಪ್ಸಿಯದು ಬರೀ 970 ಸಿ.ಸಿ. ಇಂಜಿನ್ನು, ಆದರೆ ತೂಕ ಒಂದು ಟನ್ನಿನ ಆಸುಪಾಸು. ಕೆಸರಿನಲ್ಲಿ ಹಗುರವೇ ಬಲ. ಹೊಸದು ಮಾತ್ರ ಈಗ ಸಿಗುವುದಿಲ್ಲ. 2023ರ ಜಿಮ್ನಿ ಅದೇ ಮನೆತನದ್ದು, ತೂಕ 1200 ಕಿಲೋ ಸುಮಾರು. ಚಕ್ರ ಗಾಳಿಯಲ್ಲಿ ಸುತ್ತಿದರೆ ತಾನೇ ಅದಕ್ಕೆ ಬ್ರೇಕ್ ಹಾಕಿ, ಎದುರಿನದಕ್ಕೆ ಬಲ ಕೊಡುತ್ತದೆ. 2020ರ ಥಾರ್ ನಿಜವಾದ ಫೈಟಿಂಗ್ ಹೀರೋ: ನೆಲದಿಂದ 226 ಮಿ.ಮೀ. ಎತ್ತರ, 650 ಮಿ.ಮೀ. ನೀರಿನಲ್ಲೂ ದಾಟುತ್ತೇನೆನ್ನುತ್ತದೆ, ಡೀಸೆಲ್ ಇಂಜಿನ್ನೂ ಉಂಟು. ಹಳ್ಳ ದಾಟುವವನಿಗೆ ನನ್ನ ಓಟು ಅದಕ್ಕೇ. ಆದರೆ ಆ ಮೂರು ಬಾಗಿಲಿನ ಗಾಡಿಯಲ್ಲಿ ಎದೆನೋವಿನ ಮುದುಕರನ್ನು ಹಿಂದಿನ ಸೀಟಿಗೆ ನುಗ್ಗಿಸುವುದು ಹೇಗೆ? ಜಿಮ್ನಿಗೆ ಐದು ಬಾಗಿಲು. 2024ರಲ್ಲಿ ಬಂದ ಥಾರ್ ರಾಕ್ಸ್‌ಗೂ ಐದು, ಅಗಲ ಮಾತ್ರ ಇನ್ನೂ ಜಾಸ್ತಿ.

ಡ್ರೈವರಣ್ಣ ಬೀಡಿ ಹಚ್ಚಿ ನಕ್ಕ. "ಹತ್ತೋದು ಎಲ್ಲಾ ಹತ್ತುತ್ತವೆ. ನನ್ನ ಜೀಪು ತಿಂಗಳಿಗೊಮ್ಮೆ ಕೈ ಕೊಡುತ್ತೆ, ಸ್ಪ್ಯಾನರ್ ಇದ್ರೆ ಇಲ್ಲೇ ಸರಿಮಾಡ್ತೀನಿ. ಹೊಸವು ಅಪರೂಪಕ್ಕೆ ಕೆಡುತ್ತವೆ, ಕೆಟ್ರೆ ಕಂಪ್ಯೂಟರ್ ಇರೋ ಕಡೆಗೆ ಎಳ್ಕೊಂಡು ಹೋಗ್ಬೇಕು. ನಿಮ್ಮೂರಿಗೆ ಶೋರೂಮು ಎಷ್ಟು ದೂರ, ಅದನ್ನ ಮೊದ್ಲು ನೋಡಿ."

ಊರಿಗೆ ಹೋದ ಮಾರನೇ ದಿನವೇ ಗೆಳೆಯನ ಫೋನು. ತೋಟದ ಉಣುಗೋಲಿನ ಕಲ್ಲುಕಂಬಗಳ ನಡುವೆ ಟೇಪು ಹಿಡಿದಿದ್ದನಂತೆ. ಆರಡಿ, ಅಂದರೆ 1829 ಮಿ.ಮೀ. ಥಾರ್ ಅಗಲ ಕನ್ನಡಿ ಬಿಟ್ಟು 1820, ಜಿಮ್ನಿ 1645.

"ಏನ್ ಮಾಡ್ಲೋ? ಕಂಬ ಕೀಳ್ಲಾ, ಜಿಮ್ನಿ ತಗೊಳ್ಲಾ?"