ಯೆರವಡಾದಿಂದ ತಿರುವಿನ ಹಾದಿಗೆ

ಬೆಳಗಿನ ಜಾವ ಯೆರವಡಾ ಬಿಟ್ಟು ಬಂಡ್ ಗಾರ್ಡನ್ ಸೇತುವೆ ದಾಟುವಾಗ ಮುಳಾ-ಮುಠಾ ಇನ್ನೂ ಮಂಜಿನಲ್ಲಿತ್ತು. ನಮ್ಮ ಮಗನಿಗೆ ಮಾತಿಲ್ಲ. ಆಂಬಿ ವ್ಯಾಲಿಯ ರನ್‌ವೇಯಲ್ಲಿ ಕಾಲು ಮೈಲಿಯ, ಅಂದರೆ 402 ಮೀಟರಿನ, ನೇರ ಓಟ ಗೆದ್ದವನು ಅವನು. ಅಂದಿನಿಂದ ನಗರ್ ರೋಡೂ ಅವನ ಕಣ್ಣಿಗೆ ರನ್‌ವೇಯೇ. ರಾತ್ರಿ ಗೇಟು ಸದ್ದಾಗುವವರೆಗೆ ನಾವಿಬ್ಬರೂ ಎಚ್ಚರವಾಗಿರುತ್ತಿದ್ದೆವು. "ಓಡಿಸುವುದಾದರೆ ಪಂದ್ಯದ ಹಾದಿಯಲ್ಲಿ, ಬೀದಿಯಲ್ಲಿ ಬೇಡಪ್ಪ" ಎಂಬ ಕರಾರಿನ ಮೇಲೆ ಈ ಪ್ರಯಾಣ.

ದಾವಣಗೆರೆಯ ಬೆಣ್ಣೆದೋಸೆಯ ವರ್ಣನೆಗೆ ಸಂಪಾದಕರು ಕತ್ತರಿ ಹಾಕಿಯಾರು, ಬಿಡೋಣ.

ಮದರಾಸಿಗೆ ಮುಂಚೆ, ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆ. ಹಾದಿ 3.7 ಕಿ.ಮೀ., ತಿರುವುಗಳು 12. ಇದನ್ನು ಕಟ್ಟಿದ ಮೋಟಾರು ಕ್ರೀಡಾ ಸಂಘವೂ ಮೊದಲು ಶೋಲಾವರಂನ ಹಳೆಯ ರನ್‌ವೇಯಲ್ಲೇ ಪಂದ್ಯ ನಡೆಸುತ್ತಿತ್ತಂತೆ. ಇಲ್ಲಿಗೆ ಬಂದದ್ದು 1990ರಲ್ಲಿ. ನಮ್ಮ ಹುಡುಗನ ದಾರಿಯೇ!

ಮೊದಲ ಸುತ್ತಿಗೇ ಜಂಬ ಇಳಿಯಿತು. ಇಲ್ಲಿ ವೇಗ ಕೂಡಿಸುವುದಕ್ಕಿಂತ ಕಳೆಯುವುದು ಕಷ್ಟ. ತಿರುವಿಗೆ ಮುಂಚೆ, ಗಾಡಿ ನೇರವಾಗಿದ್ದಾಗಲೇ ಬ್ರೇಕು ಒತ್ತಬೇಕು. ಆಗ ಭಾರ ಮುಂದಕ್ಕೆ ಬಂದು ಮುಂದಿನ ಚಕ್ರಗಳು ನೆಲ ಕಚ್ಚುತ್ತವೆ. ಇವನೋ ತಿರುವಿನ ನಡುವೆಯೇ ಆಕ್ಸಿಲರೇಟರ್ ತುಳಿದ. ಗಾಡಿ ಹೊರಜಾರಿ ಮಣ್ಣಿಗಿಳಿಯಿತು. ನಮ್ಮೆದೆ ಝಲ್ಲೆಂದಿತು. ಕಲಿಸುವವರು ನಕ್ಕು, "ಕಣ್ಣು ಬಾನೆಟ್ಟಿನ ಮೇಲೆ ಬೇಡ, ಮುಂದಿನ ತಿರುವಿನ ಮೇಲಿರಲಿ" ಎಂದರು.

ನಾಲ್ಕು ಸುತ್ತಿಗೆ ಬ್ರೇಕು ಮೆತ್ತಗಾಯಿತು. ಹಳೆಯ ಬ್ರೇಕ್ ಆಯಿಲು ಕುದಿದಿತ್ತು. ಹೊರಡುವ ಮೊದಲೇ ಬದಲಿಸಬೇಕಿತ್ತು. ನೇರ ಓಟದವರಿಗೆ ಅದು ಎಲ್ಲಿ ನೆನಪಾಗಬೇಕು! ಮಧ್ಯಾಹ್ನ ಒಂದು ಪುಟ್ಟ ಮಾರುತಿ ಅವನನ್ನು ತಿರುವಿನಲ್ಲಿ ಹಿಂದಿಕ್ಕಿತು. ಸಿಟ್ಟಾದಾನೆಂದುಕೊಂಡೆವು. ಅವನು ಅದರ ಹಿಂದೆಯೇ ಬಿದ್ದು, ಅದು ಬ್ರೇಕು ಹಾಕುವ ಜಾಗಗಳನ್ನು ಗುರುತಿಟ್ಟುಕೊಂಡ.

ಮರಳಿ ಬಂದ ರಾತ್ರಿ ನಗರ್ ರೋಡು ಖಾಲಿಯಿತ್ತು. ಸಿಗ್ನಲ್ಲು ಹಳದಿಯಾಯಿತು, ಗಾಡಿ ಮೆಲ್ಲಗೆ ನಿಂತಿತು. ಹಿಂದಿನ ಸೀಟಿನಲ್ಲಿ ಅವನ ತಾಯಿಗೆ ಎಚ್ಚರವೇ ಆಗಲಿಲ್ಲ.