ಹಾಲುಬಾಯಿ ಮೆತ್ತಿದ ಕೇಕು

ವೀಗನ್ ಕೇಕ್ ಮಾಡ್ತಿದ್ದೀನಿ ಅಂದರೆ ವೈದ್ಯನಾಥಪುರದಲ್ಲಿ ಎಲ್ಲರದೂ ಒಂದೇ ಮಾತು: “ಎಗ್‌ಲೆಸ್ ತಾನೆ? ಮದ್ದೂರಲ್ಲೇ ಸಿಗುತ್ತಲ್ಲ!” ಸಿಗುತ್ತದೆ. ಮೊಟ್ಟೆಯ ಜಾಗಕ್ಕೆ ಮೊಸರು, ಬೆಣ್ಣೆ, ಕಂಡೆನ್ಸ್‌ಡ್ ಮಿಲ್ಕ್ ಸುರಿದಿರುತ್ತಾರೆ. ಕೋಳಿಯನ್ನು ಬಿಟ್ಟು ಎಮ್ಮೆಯನ್ನು ಕಟ್ಟಿಹಾಕಿದ ಹಾಗೆ. ಬೆಂಗಳೂರು ಸೇರಿದ ನನ್ನ ತಂಗಿಯ ಮಗಳು ಹಾಲು ತುಪ್ಪ ಎರಡನ್ನೂ ಬಿಟ್ಟಿದ್ದಾಳೆ. ಗೆಜ್ಜಲಗೆರೆಯ ದೊಡ್ಡ ಡೇರಿ ಇರುವ ತಾಲ್ಲೂಕಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದಕ್ಕೇ ಧೈರ್ಯ ಬೇಕು. ಅವಳ ನಿಶ್ಚಿತಾರ್ಥಕ್ಕೆ ಮೂರು ಪದರದ ಕೇಕು ನನ್ನ ಪಾಲಿಗೆ ಬಂತು.

ಕೇಕಿನ ಮೈ ಕಷ್ಟವೇ ಅಲ್ಲ. ಸೋಡಾಕ್ಕೆ ಹುಳಿ ಸಿಕ್ಕರೆ ಹಿಟ್ಟು ತಾನಾಗಿ ಏಳುತ್ತದೆ. 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತವರ ಗೆಳೆಯರು ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಕಟ್ಟುವ ಮೊದಲೇ, ಮೊಟ್ಟೆ ಬೆಣ್ಣೆ ಎಟುಕದ ಕಷ್ಟಕಾಲದಲ್ಲಿ ಅಮೆರಿಕದ ಹೆಂಗಸರು ಸೋಡಾ, ವಿನೆಗರ್, ಎಣ್ಣೆಯಲ್ಲೇ ಕೇಕು ಬೇಯಿಸಿಕೊಂಡಿದ್ದರು. ನಾನು ನಿಂಬೆಹಣ್ಣು ಹಿಂಡುತ್ತೇನೆ. ಬೆಂದದ್ದನ್ನು ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಹೊಲಿಗೆ ದಾರ ಸುತ್ತಿ ಎಳೆದರೆ ಪದರ ಸಮನಾಗಿ ಬಿಡಿಸಿಕೊಳ್ಳುತ್ತದೆ. ಚಾಕು ಹಿಡಿಯುವವರ ಜೊತೆ ನನಗೆ ವಾದ ಬೇಡ.

ವಾದ ಇರುವುದೆಲ್ಲ ಕ್ರೀಮಿನ ಮೇಲೆ. ಬೇಕರಿಗಳಲ್ಲಿ ಬಳಸುವ ‘ನಾನ್-ಡೇರಿ’ ಕ್ರೀಮು ಹೆಚ್ಚಾಗಿ ತಾಳೆಬೀಜದ ಎಣ್ಣೆ. ಹಾಲಿಲ್ಲ ಅಂತ ಹಿಗ್ಗುವ ಹಾಗೂ ಇಲ್ಲ. ಡಬ್ಬದ ಹಿಂದಿನ ಸಣ್ಣ ಅಕ್ಷರದಲ್ಲಿ ಎಷ್ಟೋ ಸಲ ಸೋಡಿಯಂ ಕೇಸಿನೇಟ್ ಅಡಗಿರುತ್ತದೆ, ಅದು ಹಾಲಿನದೇ ಪ್ರೋಟೀನು. ಹಸಿರು ಚುಕ್ಕಿ ನೋಡಿದರೆ ಪ್ರಯೋಜನವಿಲ್ಲ, ಅದು ಹಾಲನ್ನು ಒಪ್ಪುತ್ತದೆ. ವೀಗನ್ ಆಹಾರಕ್ಕೆ ಬೇರೆಯೇ ಗುರುತು ಇರಬೇಕೆಂಬ ನಿಯಮ 2022ರಲ್ಲಿ ಬಂತು. ನಮ್ಮ ಕಡೆಯ ಅಂಗಡಿಗಳಲ್ಲಿ ಆ ಗುರುತು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಇನ್ನು ತಿಳಿದವರ ಸಲಹೆ: ತೆಂಗಿನ ಗಟ್ಟಿಹಾಲನ್ನು ಫ್ರಿಜ್ಜಿನಲ್ಲಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಕಡೆಯಿರಿ. ಈ ಸಲಹೆ ಕೊಡುವವರು ಏಪ್ರಿಲ್ ತಿಂಗಳಲ್ಲಿ ಮಂಡ್ಯ ಕಡೆಗೆ ಬಂದವರಲ್ಲ. ತೆಂಗಿನ ಕೊಬ್ಬು 24 ಡಿಗ್ರಿಯ ಸುಮಾರಿಗೆ ಕರಗುತ್ತದೆ. ಇಲ್ಲಿ ಬಿಸಿಲು 35 ದಾಟಿರುತ್ತದೆ. ಶಾಮಿಯಾನದ ಕೆಳಗೆ ಫೋಟೋದವನು “ಸ್ವಲ್ಪ ಇರಿ ಮೇಡಂ” ಅನ್ನುವಷ್ಟರಲ್ಲಿ ಮೇಲಿನ ಪದರ ಹುಡುಗನ ಮನೆಯವರ ಕಡೆ ಜಾರಿರುತ್ತದೆ.

ಜಿಡ್ಡು ನಿಲ್ಲದ ಕಡೆ ಗಂಜಿ ನಿಲ್ಲುತ್ತದೆ. ನಾನು ಪದರಗಳ ನಡುವೆ ಮೆತ್ತುವುದು ಹಾಲುಬಾಯಿ. ಅಕ್ಕಿ ನೆನೆಸಿ, ತೆಂಗಿನ ತುರಿಯ ಜೊತೆ ಬೆಣ್ಣೆಯಂತೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಬೆಲ್ಲದ ನೀರಿಗೆ ಸುರಿದು ಕೈಬಿಡದೆ ತಿರುವುವುದು. ತಟ್ಟೆಗೆ ಸುರಿಯುವ ಹಾಲುಬಾಯಿ ತಳ ಬಿಡುವವರೆಗೂ ಕಾಯಬೇಕು. ಕೇಕಿಗೆ ಅದಕ್ಕಿಂತ ಸ್ವಲ್ಪ ಮುಂಚೆ ಇಳಿಸಬೇಕು. ಸೌಟು ಎಳೆದರೆ ಪಾತ್ರೆಯ ತಳ ಒಂದು ಗಳಿಗೆ ಕಂಡು, ಮತ್ತೆ ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ಆಗಲೇ ಒಲೆ ಆರಿಸಿ. ಬಿಸಿಯಿರುವಾಗಲೇ ಸವರಿದರೆ ಕೇಕಿನ ರಂಧ್ರಗಳಿಗೆ ಒಂದಿಷ್ಟು ಇಳಿದು ಅಲ್ಲೇ ಕಟ್ಟಿಕೊಳ್ಳುತ್ತದೆ. ಒಮ್ಮೆ ಕಟ್ಟಿದ ಅಕ್ಕಿಗಂಜಿ ಬಿಸಿಲಿಗೆ ಕರಗುವುದಿಲ್ಲ. ಫ್ರಿಜ್ಜಿಗೆ ಮಾತ್ರ ಇಡಬೇಡಿ, ಗಟ್ಟಿಯಾಗಿ ರಬ್ಬರಿನಂತಾಗುತ್ತದೆ. ತೆಂಗು ಹಳಸುವ ಮೊದಲು ಅವತ್ತೇ ತಿಂದು ಮುಗಿಸಬೇಕು. ಈ ಸಲ ಕತ್ತರಿಸಿದಾಗ ಕಂದು ಕೇಕಿನ ನಡುವೆ ತಿಳಿಕಂದಿನ ಎರಡು ಗೆರೆ, ಅಳತೆಪಟ್ಟಿ ಇಟ್ಟು ಎಳೆದಂತೆ. ನಾನು ತುಂಡು ಹಂಚುವುದನ್ನೇ ಮರೆತು ನೋಡುತ್ತಾ ನಿಂತಿದ್ದೆ.

ಆಗಲೇ ಯಾರೋ ಹಿರಿಯರು ಹೇಳಿದರು: “ಯಾಕೋ ಕಪ್ಪಗಾಗಿದೆಯಲ್ಲಮ್ಮ.”

ಕಪ್ಪಗಾಗದೆ? ಕೇಕಿನ ಹಿಟ್ಟಿಗೂ ಕಪ್ಪು ಬೆಲ್ಲವೇ, ಅದಕ್ಕೆ ಸೋಡಾ ಬಿದ್ದರೆ ಇನ್ನಷ್ಟು ಕಪ್ಪಾಗುತ್ತದೆ. ಅವರಿಗೆ ಬೇಕಾದದ್ದು ಹಳದಿ ಬೆಲ್ಲ. ಮಂಡ್ಯದ ಮಾರುಕಟ್ಟೆಯಲ್ಲಿ ಅಚ್ಚು, ಬಕೆಟ್, ಕುರಿಕಟ್ಟು ಅಂತ ಬಗೆಬಗೆಯ ಬೆಲ್ಲ ಬಂದರೂ ಕಣ್ಣು ಹೋಗುವುದು ಬಣ್ಣಕ್ಕೇ. ಆ ಬಣ್ಣ ಬರಲಿ ಅಂತ ಕೊಪ್ಪರಿಗೆಗೆ ಹೈಡ್ರೋಸ್ ಸುರಿಯುತ್ತಾರೆ. ಬಟ್ಟೆಯ ಬಣ್ಣ ತೆಗೆಯಲೂ ಬಳಸುವ ಪುಡಿ ಅದು! ಅಂಥ ಬೆಲ್ಲದ ಹಾಲುಬಾಯಿ ಕುದಿಯುವಾಗ ಗಂಧಕದ ವಾಸನೆ ನನ್ನ ಮೂಗಿಗೆ ಬಡಿಯುತ್ತದೆ. ಕಬ್ಬಿನ ಹಾಲಿನ ಕೊಳೆ ತೆಗೆಯುವುದಕ್ಕೆ ಬೆಂಡೆ ಗಿಡದ ಲೋಳೆ, ಸುಣ್ಣ ಇದ್ದೇ ಇವೆ. ಬಾದಾಮಿ ಹಾಲಿನ ಡಬ್ಬಕ್ಕೆ ದುಡ್ಡು ಸುರಿದು, ಶುದ್ಧ ಆಹಾರ ಅಂತ ಭಾಷಣ ಬಿಗಿದು, ಬೆಲ್ಲಕ್ಕೆ ಬಂದಾಗ ಬಣ್ಣ ನೋಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇದೇ ಉರಿಯಲ್ಲಿ ಮರುವಾರ ಆಲೆಮನೆಗೆ ಹೋಗಿ ರೇಗಾಡಿದೆ. ಕೊಪ್ಪರಿಗೆಯ ನೊರೆ ತೆಗೆಯುತ್ತಿದ್ದವನು ತಿರುಗಿಯೂ ನೋಡಲಿಲ್ಲ. “ಹಾಕ್ದೆ ಹೋದ್ರೆ ಮಂಡೀಲಿ ಯಾರ್ ಮೂಸ್ತಾರಕ್ಕ? ನೀವೊಬ್ರು ಎಲ್ಡು ಅಚ್ಚು ತಗಂಡ್ರೆ ನನ್ನ ಸಾಲ ತೀರ್ತದಾ?”

ಆಮೇಲೆ ಒಳಗೆ ಹೋಗಿ, ತನ್ನ ಮನೆಗೆಂದು ಎತ್ತಿಟ್ಟುಕೊಂಡಿದ್ದ ಬೆಲ್ಲದಲ್ಲಿ ಎರಡು ಅಚ್ಚು ತಂದುಕೊಟ್ಟ. ಕಪ್ಪಗಿತ್ತು.